ಮನಸ್ಸಿನಲ್ಲಿರುವ ಚಿತ್ರವನ್ನು ಯಂತ್ರ ತೋರಿಸಬಲ್ಲದೇ?

ಪಾರ್ಶ್ವವಾಯು ಅಥವಾ ನರರೋಗದಿಂದ ಮಾತು ನಿಂತವರ ಮನೆಯವರನ್ನು ಒಂದೇ ಪ್ರಶ್ನೆ ಕಾಡುತ್ತದೆ: ಇವರ ಮನಸ್ಸಿನಲ್ಲಿ ಏನಿದೆ? ಮಿದುಳಿನ ಸಂಕೇತಗಳಿಂದ ಚಿತ್ರ ಮೂಡಿಸುವ ತಂತ್ರಜ್ಞಾನದ ಸುದ್ದಿ ಓದಿದಾಗ ಆಸೆ ಹುಟ್ಟುವುದು ಸಹಜ. ಆದರೆ ಅದು ಸದ್ಯಕ್ಕೆ ಸಂಶೋಧನೆ ಮಾತ್ರ, ಚಿಕಿತ್ಸೆಯಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ?
ನಾವು ಏನನ್ನಾದರೂ ನೋಡುವಾಗ ಮಿದುಳಿನ ಹಿಂಭಾಗದ ದೃಷ್ಟಿ ಕೇಂದ್ರಗಳಲ್ಲಿ ರಕ್ತದ ಹರಿವು ಬದಲಾಗುತ್ತದೆ. ಎಫ್‌ಎಂಆರ್‌ಐ ಸ್ಕ್ಯಾನ್ ಇದನ್ನು ಗುರುತಿಸುತ್ತದೆ. ಯಾವ ಚಿತ್ರಕ್ಕೆ ಯಾವ ಬದಲಾವಣೆ ಎಂದು ಕಂಪ್ಯೂಟರ್ ಮೊದಲು ಕಲಿಯುತ್ತದೆ. ನಂತರ ಹೊಸ ಸ್ಕ್ಯಾನ್ ನೋಡಿ ಚಿತ್ರವನ್ನು ಊಹಿಸುತ್ತದೆ. 2023ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಚಿತ್ರ ಮೂಡಿಸಿದರು. ಅವರು ಬಳಸಿದ ಮಾಹಿತಿಗಾಗಿ ಒಬ್ಬೊಬ್ಬ ಸ್ವಯಂಸೇವಕರೂ 30–40 ಬಾರಿ ಸ್ಕ್ಯಾನರ್‌ನಲ್ಲಿ ಮಲಗಿ ಸಾವಿರಾರು ಚಿತ್ರಗಳನ್ನು ನೋಡಿದ್ದರು.

ಮಿತಿಗಳೇನು?
• ಕಣ್ಣಾರೆ ಕಂಡದ್ದಕ್ಕಿಂತ ಮನಸ್ಸಿನಲ್ಲಿ ಕಲ್ಪಿಸಿಕೊಂಡದ್ದನ್ನು ಮೂಡಿಸುವುದು ಬಹಳ ಕಷ್ಟ. 2019ರ ಕ್ಯೋಟೋ ಸಂಶೋಧನೆಯಲ್ಲಿ ಇಂಥ ಚಿತ್ರಗಳು ಮಸುಕಾಗಿದ್ದವು.
• ವ್ಯಕ್ತಿ ಅಲುಗಾಡದೆ ಮಲಗಿ, ಗಮನವಿಟ್ಟು ಸಹಕರಿಸಬೇಕು.
• ಬಿಟ್ಟುಹೋದ ವಿವರಗಳನ್ನು ಕಂಪ್ಯೂಟರ್ ತಾನೇ ತುಂಬುತ್ತದೆ. ಆದ್ದರಿಂದ ಆ ಚಿತ್ರವನ್ನೇ ರೋಗಿಯ ಇಚ್ಛೆ ಎಂದು ನಂಬುವಂತಿಲ್ಲ.

ಒಪ್ಪಿಗೆ ಬೇಕೇ?
ಖಂಡಿತ ಬೇಕು. ಅಪರಾಧ ತನಿಖೆಯಲ್ಲೂ ಒಪ್ಪಿಗೆಯಿಲ್ಲದೆ ಮಿದುಳಿನ ಪರೀಕ್ಷೆ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ತೀರ್ಪು ನೀಡಿದೆ. ಮಾತು ಬಾರದ ರೋಗಿಗೂ 'ಬೇಡ' ಎನ್ನುವ ಹಕ್ಕಿದೆ.

ಈಗ ಮನೆಯಲ್ಲಿ ಏನು ಮಾಡಬಹುದು?
• 'ಹೌದು' ಎನ್ನಲು ಕಣ್ಣು ಮೇಲೆತ್ತುವುದು, 'ಇಲ್ಲ' ಎನ್ನಲು ಕೆಳಗೆ ನೋಡುವುದು — ಹೀಗೊಂದು ಸಂಕೇತ ಗೊತ್ತುಮಾಡಿಕೊಳ್ಳಿ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿ ಪರೀಕ್ಷಿಸಿ.
• ನೀರು, ನೋವು, ಶೌಚ, ಮಗ್ಗುಲು ಬದಲಿಸುವುದು — ಇವುಗಳ ಚಿತ್ರಫಲಕ ಮಾಡಿ. ಓದಬಲ್ಲವರಿಗೆ ಅಕ್ಷರಫಲಕವೂ ಆಗುತ್ತದೆ.
• ಮುಂಬೈಯಲ್ಲಿ ಹಿಂದಿ ಅಥವಾ ಮರಾಠಿ ಫಲಕ ಸಿಗಬಹುದು. ಆದರೆ ಅಪ್ಪ ಕಲಿತದ್ದು ಕನ್ನಡವಾದರೆ ಫಲಕವೂ ಕನ್ನಡದಲ್ಲೇ ಇರಲಿ.
• ಸ್ಪೀಚ್ ಥೆರಪಿಸ್ಟ್ ಸಲಹೆ ಪಡೆಯಿರಿ. ಜೋಗೇಶ್ವರಿಯವರಿಗೆ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ ಲೋಕಲ್ ರೈಲಿನ ದೂರದಲ್ಲಿದೆ.

ಎಚ್ಚರಿಕೆ: ಮನಸ್ಸಿನ ಚಿತ್ರ ತೋರಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ, ಕೊಡುವ ಮೊದಲು ನಿಮ್ಮ ನರರೋಗ ತಜ್ಞರನ್ನು ಕೇಳಿ.