ಉರ್ವೀತಿಲಕ, ಭೂಮಣ್ಣಿ ಬುಟ್ಟಿ, ಮಣ್ಣಾಳು

ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಪಂಚಕೂಟ ಬಸದಿ ಅಂತ ಒಂದು ಕಲ್ಲಿನ ಕಟ್ಟಡ ಇದೆ. ಸಾಂತರ ರಾಜಕುಮಾರರನ್ನು ಸಾಕಿ ಬೆಳೆಸಿದ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ್ದು. ಶಾಸನದಲ್ಲಿ ಅದರ ಹೆಸರು ಉರ್ವೀತಿಲಕ. ಉರ್ವಿ ಅಂದರೆ ಭೂಮಿ. ಭೂಮಿಯ ಹಣೆಗಿಟ್ಟ ಬೊಟ್ಟು ಎಂದು ಅರ್ಥ. ಹೆಸರೇನೋ ಚೆನ್ನಾಗಿದೆ. ಆದರೆ ಇಂಥ ಬಸದಿಗಳಿಗೂ ದೇವಸ್ಥಾನಗಳಿಗೂ ದಾನವಾಗಿ ಹೋದ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತವರು ಯಾರು ಅಂತ ಹುಡುಕಿದರೆ, ಕಲ್ಲು ಬಾಯಿ ಬಿಡೋದಿಲ್ಲ.

ಇದೇ ಸೀಮೆಯಲ್ಲಿ ಭೂಮಿಗೆ ಇನ್ನೊಂದು ಬೊಟ್ಟು ಇಡುವ ಜನ ಇದ್ದಾರೆ. ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯ ದೀವರ ಹೆಂಗಸರು ಸೀಗೆ ಹುಣ್ಣಿಮೆ ಹತ್ತಿರ ಬಂತು ಅಂದರೆ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೀತಾರೆ. ಕುಂಚ ಪುಂಡಿ ನಾರಿನದು. ಇದು ಭೂಮಣ್ಣಿ ಬುಟ್ಟಿ. ಇದಕ್ಕೆ ಶಾಸನವಿಲ್ಲ. ಹುಳ ತಿಂದರೆ, ಮಳೆಗೆ ನೆನೆದರೆ ಆ ವರ್ಷದ ಚಿತ್ತಾರ ಮುಗಿಯಿತು. ಮುಂದಿನ ವರ್ಷ ಮತ್ತೆ ಬರೀಬೇಕು. ನಮ್ಮ ಚರಿತ್ರೆಕಾರರು ಕಲ್ಲನ್ನು ಓದಿದರು. ಬಿ. ಎಲ್. ರೈಸ್ ಸಾಹೇಬರು ನಗರ ತಾಲ್ಲೂಕಿನ ಶಾಸನಗಳನ್ನೆಲ್ಲ ಬರೆಸಿಕೊಂಡು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ದೊಡ್ಡ ಕೆಲಸ, ಇಲ್ಲ ಅನ್ನೋದಿಲ್ಲ. ಆದರೆ ಬುಟ್ಟಿಯನ್ನು ಯಾರೂ ಚರಿತ್ರೆ ಅಂತ ಓದಲಿಲ್ಲ. ಬಹಳ ತಡವಾಗಿ ಅದು ಜಾನಪದ ಆಯಿತು, ಆಮೇಲೆ ಕಲೆ ಆಯಿತು, ಈಗ ಚೌಕಟ್ಟು ಹಾಕಿಸಿಕೊಂಡು ಪಟ್ಟಣದ ಗೋಡೆ ಏರಿದೆ.

ಬುಟ್ಟಿಯೊಳಗೆ ಏನಿದೆ ಅನ್ನೋದನ್ನು ಮೊದಲು ನೋಡೋಣ.

ಮಲೆನಾಡಿನ ದುಡಿಯುವ ಜನಕ್ಕೆ ವರ್ಷ ಅನ್ನೋದು ಮಳೆಗಳ ಸಾಲು. ರೋಹಿಣಿ, ಮಿರ್ಗ, ಆರಿದ್ರೆ, ಆಮೇಲೆ ಅಣ್ಣ ತಮ್ಮ ಅಂತ ಕರೆಸಿಕೊಳ್ಳುವ ಪುನರ್ವಸು ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ನಕ್ಷತ್ರದ ಹೆಸರು ಪಂಚಾಂಗದ್ದು ಇರಬಹುದು. ಮಳೆ ಮಾತ್ರ ನಟ್ಟಿ ಮಾಡೋರ ಬೆನ್ನಿನ ಮೇಲಿನದು. ಗೊರಬು ಹೊದ್ದು, ಕಂಬಳಿ ಕೊಪ್ಪೆ ಹಾಕಿಕೊಂಡು, ಬಗ್ಗಿದ ಸೊಂಟ ಎತ್ತದೆ ಸಸಿ ಊರಿದವಳಿಗೆ ಆಶ್ಲೇಷ ಅಂದರೆ ಏನು ಅಂತ ಯಾವ ಜೋಯಿಸನೂ ಹೇಳಿಕೊಡಬೇಕಾಗಿಲ್ಲ. ಹೀಗೆ ನಟ್ಟ ಸಸಿ ಆಶ್ವೀಜ ಮಾಸಕ್ಕೆ ಹೊಡೆ ಕಟ್ಟುತ್ತದೆ. ತೆನೆ ಇನ್ನೂ ಹೊರಗೆ ಬಂದಿಲ್ಲ, ಒಳಗೆ ತುಂಬಿಕೊಂಡಿದೆ. ಪೈರು ಬಸುರಿ, ಪೈರು ಹೊತ್ತ ಭೂಮಿಯೂ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲವೇ? ಭೂಮಿ ಹುಣ್ಣಿಮೆ ಅಂದರೆ ಇಷ್ಟೇ. ಇಷ್ಟು ದೊಡ್ಡದು.

ಹುಣ್ಣಿಮೆಯ ಹಿಂದಿನ ದಿನ ಹಿತ್ತಿಲು, ಬ್ಯಾಣ, ಗುಡ್ಡ ತಿರುಗಿ ಬಗೆಬಗೆಯ ಸೊಪ್ಪು ಕುಡಿ ಕೊಯ್ದು ತರುತ್ತಾರೆ. ನೂರೊಂದು ಕುಡಿ ಅನ್ನೋದು ಲೆಕ್ಕ. ರಾತ್ರಿಯೆಲ್ಲ ಒಲೆ ಆರೋದಿಲ್ಲ. ಸೊಪ್ಪು ಬೇಯಿಸಿ ಅನ್ನದ ಜೊತೆ ಕಲಸಿ ಹಚ್ಚಂಬಲಿ ಮಾಡ್ತಾರೆ. ಸೌತೆಕಾಯಿ ಕಡುಬು, ಕೊಟ್ಟೆ ಕಡುಬು ಬೇಯುತ್ತವೆ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಗಂಡಸರು ಬುಟ್ಟಿ ಹೊತ್ತು ಬೆಳಕು ಹಿಡಿದು ಗದ್ದೆಗೆ ಹೋಗಿ ಬೀರುತ್ತಾರೆ. ಭೂಮ್ತಾಯಿ ಬಂದು ಉಣ್ಣಲಿ ಅಂತ ಕೂಗಿ ಕರೆಯುತ್ತಾರೆ. ಆ ಕೂಗಿನಲ್ಲಿ ಸಂಸ್ಕೃತದ ಒಂದು ಅಕ್ಷರ ಇಲ್ಲ. ಹಾಗಲ, ಹೀರೆ, ಅಂಬಲಿ, ಇಂಥವೇ. ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೈರಿಗೆ ತಾಳಿ ಸರ ಹಾಕಿ, ಪೂಜೆ ಮಾಡಿ, ಅಲ್ಲೇ ಕೂತು ಉಣ್ತಾರೆ. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಕೆಲವು ಮನೆಗಳಲ್ಲಿ ಒಂದು ಕಡುಬನ್ನು ಗದ್ದೆಯಲ್ಲೇ ಹೂತು, ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರೆ. ಪುರೋಹಿತ ಇದರಲ್ಲಿ ಎಲ್ಲಿಯೂ ಬರೋದಿಲ್ಲ. ಬಂದರೂ ಅವನಿಗೆ ಕೆಲಸ ಇಲ್ಲ.

ಹೆಣ್ಣಿನ ಮೈಯನ್ನೂ ಮಣ್ಣಿನ ಮೈಯನ್ನೂ ಒಂದೇ ಅಂತ ಕಂಡ ಜನ ಇವರೊಬ್ಬರೇ ಅಲ್ಲ. ಘಟ್ಟ ಇಳಿದರೆ ತುಳುನಾಡಿನಲ್ಲಿ ಫೆಬ್ರವರಿ ಹೊತ್ತಿಗೆ ಕೆಡ್ಡಸ. ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಅಂತ ಯಾರೂ ನೆಲ ಅಗೆಯೋದಿಲ್ಲ, ಕೊನೆಯ ದಿನ ನೆಲಕ್ಕೆ ಎಣ್ಣೆ ಬಿಡ್ತಾರೆ. ಒಡಿಶಾದಲ್ಲಿ ಜೂನ್ ತಿಂಗಳ ರಜ ಹಬ್ಬ ಇದೇ ತರಹದ್ದು. ಬಯಲುಸೀಮೆಯವರು ಸೀಗೆ ಹುಣ್ಣಿಮೆಗೂ ಎಳ್ಳಮಾಸೆಗೂ ಹೊಲದಲ್ಲಿ ಚರಗ ಚೆಲ್ತಾರೆ. ಮುಟ್ಟನ್ನು ಮೈಲಿಗೆ ಅಂದ ಶಾಸ್ತ್ರ ಒಂದು ಕಡೆ, ಮುಟ್ಟಾದವಳಿಗೆ ಮೂರು ದಿನ ರಜ ಕೊಟ್ಟು ಎಣ್ಣೆ ಎರೆದ ಜನ ಇನ್ನೊಂದು ಕಡೆ. ಯಾವುದು ಸಂಸ್ಕೃತಿ ಅಂತ ಓದುಗರೇ ಹೇಳಲಿ.

ಈಗ ಹುಂಚಕ್ಕೆ ವಾಪಸು ಬರೋಣ. ಉತ್ತರದ ಮಧುರೆಯಿಂದ ತಪ್ಪಿಸಿಕೊಂಡು ಬಂದ ಜಿನದತ್ತರಾಯ ದೇವಿಯ ವಿಗ್ರಹವನ್ನು ಬೆನ್ನಿಗೆ ಕಟ್ಟಿಕೊಂಡು ಇಲ್ಲಿನ ಲಕ್ಕಿ ಗಿಡದ ಕೆಳಗೆ ಮಲಗಿದ, ದೇವಿ ಇಲ್ಲೇ ನೆಲೆಯಾದಳು, ಮೂರ್ತಿಗೆ ಮುಟ್ಟಿಸಿದ ಕಬ್ಬಿಣ ಹೊನ್ನಾಯಿತು, ಊರು ಪೊಂಬುರ್ಚ ಆಯಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಇಂದಿಗೂ ಭಕ್ತರು ಹೇಳ್ತಾರೆ, ಆ ಲಕ್ಕಿ ಗಿಡ ಬಾಡೋದಿಲ್ಲ, ಮುತ್ತಿನ ಕೆರೆ ಬತ್ತೋದಿಲ್ಲ. ಸಾಂತರರ ಶಾಸನಗಳಲ್ಲಿ ಈ ದೇವಿಗೆ ಇನ್ನೊಂದು ಹೆಸರಿದೆ: ಲೊಕ್ಕಿಯಬ್ಬೆ. ಲೊಕ್ಕಿ ಅಂದರೆ ಅದೇ ಲಕ್ಕಿ ಗಿಡ, ಅಬ್ಬೆ ಅಂದರೆ ತಾಯಿ. ಲಕ್ಕಿ ಗಿಡದ ತಾಯಿ! ಪದ್ಮಾವತಿ ಅನ್ನೋದು ದೂರದಿಂದ ಬಂದ ಹೆಸರು. ಗಿಡ, ಕೆರೆ, ಅಬ್ಬೆ ಈ ಮೂರು ಮಾತ್ರ ಇಲ್ಲಿಯ ನೆಲದವು ಅಂತ ನನಗೆ ಅನ್ನಿಸುತ್ತೆ. ರಾಜ ಬರುವ ಮುಂಚೆ ಆ ಗಿಡಕ್ಕೆ ಯಾರೋ ಕೈ ಮುಗಿಯುತ್ತಿದ್ದರು, ರಾಜನೂ ಅಲ್ಲೇ ಮಲಗಬೇಕಾಯಿತು. ಇದಕ್ಕೆ ಕಲ್ಲಿನ ಸಾಕ್ಷಿ ಕೇಳಬೇಡಿ, ಆ ಹೆಸರಿನಲ್ಲೇ ಇರುವ ಸಾಕ್ಷಿ ನೋಡಿ. ಇನ್ನೊಂದು ಮಾತು: ಜಿನದತ್ತ ಈ ನಾಡಿಗೆ ಬಂದಾಗ ಅಂಧಕಾಸುರ, ಕನಕಾಸುರ ಅನ್ನೋರನ್ನು ಕೊಂದ ಅಂತ ಹೇಳ್ತಾರೆ. ಪುರಾಣದಲ್ಲಿ ಅಸುರ ಅನ್ನಿಸಿಕೊಂಡವರು ಬಹಳ ಸಲ ಮೊದಲೇ ಅಲ್ಲಿದ್ದವರು. ಬಲಿಯ ಕಥೆಯೂ ಹಾಗೇ ತಾನೇ. ದೀಪಾವಳಿ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆ ತಿರುಗಿ ಹಾಡೋದು ತುಳಿದ ವಾಮನನನ್ನಲ್ಲ, ತುಳಿಸಿಕೊಂಡ ಬಲೀಂದ್ರನನ್ನು.

ಸಾಂತಳಿಗೆ ಸಾವಿರ ಸಾಂತರರ ನಾಡಾಯಿತು. ಗದ್ದೆಗಳು ದಾನವಾಗಿ ಹೋದವು, ಬಸದಿಗೆ, ದೇವಸ್ಥಾನಕ್ಕೆ, ಅಗ್ರಹಾರಕ್ಕೆ. ದಾನಶಾಸನದ ಕೊನೆಗೆ ಒಂದು ಶಾಪ ಇರುತ್ತೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ. ಈ ಶಾಪ ಯಾರ ರಕ್ಷಣೆಗೆ? ದಾನ ಪಡೆದವನ ರಕ್ಷಣೆಗೆ. ಗದ್ದೆ ಉಳುತ್ತಿದ್ದವನನ್ನು ಎಬ್ಬಿಸಿ ಕಳಿಸಿದರೆ ಯಾವ ಹುಳುವಾಗಿ ಹುಟ್ಟಬೇಕು ಅಂತ ಒಂದು ಕಲ್ಲಿನಲ್ಲೂ ಬರೆದಿದ್ದು ನಾನು ಕಂಡಿಲ್ಲ.

ಹಾಗಾದರೆ ಉಳುತ್ತಿದ್ದವನು, ನಡುತ್ತಿದ್ದವಳು ಯಾರು? ಇಲ್ಲಿ ನಾವು ನಮ್ಮ ಹಬ್ಬದ ಸಂಭ್ರಮವನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದು ಪದವನ್ನು ನೋಡಬೇಕು. ಹತ್ತೊಂಬತ್ತನೇ ಶತಮಾನದ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಹೊಲೆಯರ ಬಗ್ಗೆ ಎರಡು ಮಾತು ಬರುತ್ತೆ: ಹುಟ್ಟಾಳು, ಮಣ್ಣಾಳು. ಹುಟ್ಟಾಳು ಅಂದರೆ ಒಡೆಯನ ಮನೆಗೆ ವಂಶಪಾರಂಪರ್ಯವಾಗಿ ಹುಟ್ಟಿದ ಆಳು. ಮಣ್ಣಾಳು ಅಂದರೆ ಜಮೀನಿಗೆ ಅಂಟಿದ ಆಳು. ಜಮೀನು ಕೈ ಬದಲಾದರೆ ಮರ, ಬಾವಿ, ಬೇಲಿಯ ಜೊತೆ ಅವನೂ ಅವನ ಹೆಂಡತಿ ಮಕ್ಕಳೂ ಹೊಸ ಒಡೆಯನ ಪಾಲು. ಹೊಲ ಅನ್ನುವ ಮಾತಿನೊಳಗೇ ಹೊಲೆಯ ಇದ್ದಾನೆ ಅಂತ ನಮ್ಮ ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಮಣ್ಣಾಳು ಅನ್ನುವ ಮಾತಿನೊಳಗೆ ಆ ಹೆಮ್ಮೆಗೆ ಬಿದ್ದ ಬೇಡಿ ಇದೆ. ಮಣ್ಣಿನ ಜೊತೆ ಮನುಷ್ಯನ ಸಂಬಂಧ ಪವಿತ್ರ ಅಂತ ಈಗ ಭಾಷಣ ಮಾಡೋರು ಬಹಳ ಆಗಿದ್ದಾರೆ. ಮಣ್ಣಾಳಿಗಿಂತ ಹತ್ತಿರದ ಸಂಬಂಧ ಯಾರಿಗಿತ್ತು ಸ್ವಾಮಿ? ಅವನನ್ನು ಮಣ್ಣಿನಿಂದ ಬಿಡಿಸಿ ನೋಡೋದಕ್ಕೇ ಒಡೆಯನಿಗೆ ಬರುತ್ತಿರಲಿಲ್ಲ.

ಭೂಮಿಯನ್ನು ತಾಯಿ ಅಂದವರೂ ಒಡೆಯರಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಗದ್ದೆಗಳನ್ನು ದರ್ಜೆ ಮಾಡಿ, ಹನ್ನೆರಡು ವರ್ಷ ಬೆಳೆ ತೆಗೆಸಿ ನೋಡಿ ಕಂದಾಯ ಕಟ್ಟಿದ ಅಂತ ಶಿಸ್ತಿನ ಬಗ್ಗೆ ಹೊಗಳುತ್ತಾರೆ. ಹೊಗಳಲಿ, ಆಮೇಲೆ ಬಂದವರಿಗಿಂತ ಅವನು ವಾಸಿ. 1763ರಲ್ಲಿ ಬಿದನೂರು ಹೈದರಾಲಿ ಪಾಲಾಯಿತು. ಕಂದಾಯದ ಹೊರೆ ತಾಳಲಾರದೆ 1830-31ರಲ್ಲಿ ನಗರದ ರೈತರು ಕೂಟ ಕಟ್ಟಿ ದಂಗೆ ಎದ್ದರು. ಅದನ್ನೇ ಕಾರಣ ಮಾಡಿ ಕಂಪೆನಿ ಸರ್ಕಾರ 1831ರಲ್ಲಿ ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡಿತು. ಧಣಿ ಬದಲಾದ, ಗೇಣಿ ಉಳಿಯಿತು.

ಗೇಣಿಯ ಕಥೆ ಒಡೆದು ಹೊರಗೆ ಬಂದದ್ದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಜಗಳ ಹುಟ್ಟಿದ್ದು ಕೊಳಗದಿಂದ ಅನ್ನೋದನ್ನು ಮರೀಬಾರದು. ಹುಣ್ಣಿಮೆಗೆ ಭೂಮಿಗೆ ಉಣ್ಣಿಸಿ, ಕೊಯ್ದು, ಬಡಿದು, ತೂರಿ ಕಣದಲ್ಲಿ ರಾಶಿ ಹಾಕಿದ ಭತ್ತವನ್ನು ಒಡೆಯರ ಕಡೆಯವರು ಅಳೆಯಲು ತರುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಾಗಿತ್ತು. ಭೂಮಿಗೆ ಹೊರುವ ಬುಟ್ಟಿ ಗೇಣಿದಾರನದು, ಭತ್ತ ಅಳೆಯುವ ಕೊಳಗ ಧಣಿಯದು! ಮೇಷ್ಟ್ರು ಎಚ್. ಗಣಪತಿಯಪ್ಪನವರು ದೀವರ ಗೇಣಿದಾರರನ್ನು ಒಟ್ಟು ಮಾಡಿದರು. 1951ರ ಏಪ್ರಿಲ್‌ನಲ್ಲಿ ರೈತರು ತಾವೇ ಉಳುತ್ತಿದ್ದ ಗದ್ದೆಗೆ ನೇಗಿಲು ಹೊತ್ತು ಇಳಿದು ಜೈಲಿಗೆ ಹೋದರು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. ನಮ್ಮ ಕಡೆ ಅದನ್ನು ರಾಜಕೀಯ ಚಳವಳಿ ಅಂತಷ್ಟೇ ಬರೀತಾರೆ. ಬಸುರಿಗೆ ಉಣಿಸಿದವರೇ ಬಾಣಂತಿ ಮನೆಯಿಂದ ಹೊರಗೆ ನಿಲ್ಲಬೇಕಾಗಿ ಬಂದಾಗ ಎದ್ದ ಸಿಟ್ಟು ಅದು ಅಂತ ನಾನು ಓದುತ್ತೇನೆ.

1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯ ಅನ್ನುವ ಕಾನೂನು ಬಂತು. ದೇವರಾಜ ಅರಸರ ಸರ್ಕಾರ, ಭೂ ನ್ಯಾಯಮಂಡಳಿ, ನಮೂನೆ 7ರ ಡಿಕ್ಲರೇಷನ್. ಬಹಳ ಗೇಣಿದಾರರ ಮನೆಯಲ್ಲಿ ಆ ವರ್ಷಗಳ ಭೂಮಿ ಹುಣ್ಣಿಮೆಗೆ ಬೇರೆಯೇ ರುಚಿ ಬಂದಿರಬೇಕು. ಆದರೆ ಕಾನೂನು ಉಳುವವನು ಅಂದದ್ದು ಗೇಣಿ ಕೊಟ್ಟವನಿಗೆ. ಕೂಲಿಯ ಆಳು, ಜೀತದ ಆಳು, ಆ ಹಳೆಯ ಮಣ್ಣಾಳಿನ ಮೊಮ್ಮಗ ಗೇಣಿ ಚೀಟಿ ಎಲ್ಲಿಂದ ತರಬೇಕು? ಅವನು ಕೊಟ್ಟಿದ್ದು ಭತ್ತ ಅಲ್ಲ, ಮೈ. ಅವನಿಗೆ ಆ ಕಾನೂನಿನಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ಗುಡಿಸಲು ನಿಂತ ಜಾಗ. ಜೀತ ಮಾಡಿಸೋದು ಅಪರಾಧ ಅಂತ ಬೇರೆ ಕಾನೂನು 1976ರಲ್ಲಿ ಬಂತು, ಜೀತ ಬಿಟ್ಟವನಿಗೆ ಗದ್ದೆ ಬರಲಿಲ್ಲ. ನಿನ್ನೆಯವರೆಗೆ ಗೇಣಿದಾರನಾಗಿದ್ದವನ ಅಂಗಳದಲ್ಲಿ ಇವನು ದೂರ ನಿಂತೇ ಕೂಲಿ ಇಸಕೊಂಡ. ಕಾಗೆಗೂ ಇಲಿಗೂ ಎಡೆ ಇಡುವ ಹಬ್ಬದಲ್ಲಿ ಹಸಲರ, ಹೊಲೆಯರ ಎಡೆ ಎಲ್ಲಿ ಇತ್ತು ಅಂತ ದೀವರ ಗೆಳೆಯರನ್ನೂ ಕೇಳಬೇಕಾಗುತ್ತೆ. ನೋವಾದರೆ ಆಗಲಿ. ಅವರನ್ನೂ ಒಡೆಯರು ಕೀಳು ಅಂತಲೇ ಕಂಡರು ಅನ್ನೋದು ಈ ಪ್ರಶ್ನೆಗೆ ಉತ್ತರ ಅಲ್ಲ.

ನೀರಿನ ಕಥೆ ಬೇರೆ. 1948ರಲ್ಲಿ ಹಿರೇಭಾಸ್ಕರ, 1964ರಲ್ಲಿ ಲಿಂಗನಮಕ್ಕಿ. ಶರಾವತಿಗೆ ಅಡ್ಡಗಟ್ಟಿದರು, ನಾಡಿಗೆಲ್ಲ ದೀಪ ಹತ್ತಿತು, ಸಾಗರ ಹೊಸನಗರದ ಗದ್ದೆಗಳು ಕೆಳಗೆ ಹೋದವು. ಮುಳುಗಿದವರಲ್ಲಿ ದೀವರೇ ಬಹಳ. ಲಾರಿಯಲ್ಲಿ ತುಂಬಿ ತಂದು ಕಾಡಿನಲ್ಲಿ ಇಳಿಸಿದ ಕಡೆ ಅವರು ಮತ್ತೆ ಗದ್ದೆ ಕಟ್ಟಿದರು, ಮತ್ತೆ ಬುಟ್ಟಿ ಬರೆದರು. ಆ ನೆಲ ಕಾಗದದಲ್ಲಿ ಇಂದಿಗೂ ಅರಣ್ಯ. ಅವರ ಮಕ್ಕಳು ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಹೊಳೆ ಇಳಿದ ಬೇಸಿಗೆಯಲ್ಲಿ ಹಳೆಯ ಊರಿನ ಗದ್ದೆ ಬದು, ಮರದ ಬೊಡ್ಡೆ ಮೇಲೇಳುತ್ತವೆ. ಆಶ್ವೀಜದಲ್ಲಿ, ಬುಟ್ಟಿ ಹೊರಬೇಕಾದ ಕಾಲಕ್ಕೆ ಸರಿಯಾಗಿ, ಅಲ್ಲಿ ನೀರು ತುಂಬಿರುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಈ ಜನಕ್ಕೆ ಆಸೆ ಹುಟ್ಟಿತು. ಪರಿಶಿಷ್ಟ ಪಂಗಡಕ್ಕೆ ಸೇರಿದ ಹಸಲರಿಗೆ ಒಂದು ನಿಯಮ. ದೀವರು, ಹೊಲೆಯರು ಮೊದಲಾದ ಉಳಿದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಆ ಕಾಡಿನಲ್ಲೇ ಬದುಕಿದ್ದನ್ನು ತೋರಿಸಬೇಕು. 1964ರಲ್ಲಿ ಸರ್ಕಾರವೇ ತಂದು ಇಳಿಸಿದವನು ಅಲ್ಲಿ ಎಪ್ಪತ್ತೈದು ವರ್ಷ ಇದ್ದದ್ದನ್ನು ಹೇಗೆ ತೋರಿಸಿಯಾನು? ಬಗರ್ ಹುಕುಂ ಸಾಗುವಳಿದಾರರ ನಮೂನೆ 50, 53, 57ರ ಅರ್ಜಿಗಳು ಬೇರೆ. ಅತ್ತ 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಬೇಸಾಯ ಗೊತ್ತಿಲ್ಲದವನೂ ದುಡ್ಡಿದ್ದರೆ ಕೃಷಿ ಜಮೀನು ಕೊಳ್ಳಬಹುದು ಅಂತ ಬಾಗಿಲು ತೆಗೆದರು. ಅವನನ್ನು ಎಷ್ಟು ತಲೆಮಾರಿನಿಂದ ಈ ಮಣ್ಣಿನಲ್ಲಿದ್ದೀಯ ಅಂತ ಯಾರೂ ಕೇಳೋದಿಲ್ಲ. ಇವರನ್ನು ಕೇಳ್ತಾರೆ, ಕಾಗದದಲ್ಲಿ ತೋರಿಸು ಅಂತಾರೆ. ಇವರ ಹತ್ತಿರ ಇರೋದು ಹಳೆಯ ರೇಷನ್ ಕಾರ್ಡು, ಮುಳುಗಡೆಯ ಕಾಲದ ಒಂದು ಚೀಟಿ, ಅಟ್ಟದ ಮೇಲೆ ಕವುಚಿಟ್ಟ ಬುಟ್ಟಿ.