ಹಲಗಲಿಯ ಆಯುಧ ಮತ್ತು ಆತ್ಮರಕ್ಷಣೆಯ ಮಿತಿ



ತೋಟದ ಮನೆಯಲ್ಲಿರುವ ರೈತನು ರಾತ್ರಿ ದರೋಡೆಕೋರರು ನುಗ್ಗಿದರೆ ಕೊಡಲಿ ಎತ್ತಬಹುದೇ? ತುಬಚಿಯಂಥ ಊರುಗಳಲ್ಲಿ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಉತ್ತರಕ್ಕಾಗಿ ನಾವು ಮೊದಲು ನೆರೆಯ ಮುಧೋಳ ಸೀಮೆಯ ಹಲಗಲಿಯನ್ನು ನೆನೆಯಬೇಕು.

1857ರಲ್ಲಿ ಉತ್ತರದ ಸಿಪಾಯಿಗಳು ದಂಗೆಯೆದ್ದಾಗ ಹೆದರಿದ ಕಂಪನಿ ಸರ್ಕಾರ, ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದೆಂದು ಕಾಯಿದೆ ತಂದಿತು. ಹಲಗಲಿಯ ಬೇಡರಿಗೆ ಆಯುಧವೇ ಬದುಕು, ಆಯುಧವೇ ಮಾನ. ಜಡಗ, ಬಾಲ, ಹನುಮ, ರಾಮ ಮುಂತಾದವರ ಮುಂದಾಳತ್ವದಲ್ಲಿ ಅವರು ಆಯುಧ ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಆ ಕಥೆಯನ್ನು ನಮ್ಮ ಸೀಮೆಗೆ ಉಳಿಸಿಕೊಟ್ಟದ್ದು ಲಾವಣಿ.

ಮೂರೇ ವರ್ಷಗಳಲ್ಲಿ ಅದೇ ಬ್ರಿಟಿಷ್ ಆಳ್ವಿಕೆ 1860ರ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಬರೆಯಿತು. 1878ರಲ್ಲಿ ಮತ್ತೆ ಶಸ್ತ್ರಾಸ್ತ್ರ ಕಾಯಿದೆ ಬಂತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಹಕ್ಕು ಕಾಗದದಲ್ಲಿತ್ತು, ಆಯುಧ ಆಳುವವರ ಕೈಯಲ್ಲಿತ್ತು.

ಇಂದು ಆ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ, ಎಲ್ಲರಿಗೂ ಸಮನಾಗಿದೆ. ತನ್ನ ಪ್ರಾಣ, ಸೊತ್ತು ಮಾತ್ರವಲ್ಲ, ನೆರೆಯವರ ಪ್ರಾಣವನ್ನೂ ಕಾಯಬಹುದು. ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಬಂದೂಕಿಗೆ ಪರವಾನಗಿಯೂ ಬೇಕು.

ನಮ್ಮ ದೀನ್ ಕೂಡ ಇದನ್ನೇ ಕಲಿಸುತ್ತದೆ. ತನ್ನ ಸೊತ್ತು, ಪ್ರಾಣ, ಕುಟುಂಬವನ್ನು ಕಾಯುತ್ತಾ ಮಡಿದವನು ಶಹೀದ್ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಹೋರಾಡಲು ಅನುಮತಿಸಿದ ಕುರ್‌ಆನ್ ಅಲ್ಲಿಯೇ ಹದ್ದು ಮೀರುವುದನ್ನೂ ನಿಷೇಧಿಸಿದೆ.

ಹದ್ದು ಮೀರಿದರೆ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅಲ್ಲಿಯೂ ಹೇಳಿದ ಕಾರಣ ಮಕ್ಕಳ ರಕ್ಷಣೆಯೇ. ಆದರೆ ಅದು ರಕ್ಷಣೆಯಲ್ಲ, ಕೊಲೆ.

ಆದ್ದರಿಂದ ಹೊಸ್ತಿಲು ದಾಟಿ ಕತ್ತಿ ಎತ್ತಿದವನನ್ನು ತಡೆಯೋಣ, ಅದು ನಮ್ಮ ಹಕ್ಕು. ಅವನು ಕತ್ತಿ ಬಿಸುಟು ಓಡಿದರೆ, ಕೈಗೆ ಸಿಕ್ಕು ಬಿದ್ದರೆ, ನಮ್ಮ ಕೈಯೂ ಅಲ್ಲಿಗೇ ನಿಲ್ಲಲಿ. 112ಕ್ಕೆ ಕರೆ ಮಾಡೋಣ. ಶಿಕ್ಷೆ ನ್ಯಾಯಾಲಯದ ಕೆಲಸ.

ಅಲ್ಲಾಹನು ನಮಗೆ ಧೈರ್ಯವನ್ನೂ ಸಂಯಮವನ್ನೂ ಅನುಗ್ರಹಿಸಲಿ. ಆಮೀನ್.