ಬುಟ್ಟಿಯ ತಳದ ಭಾರ

ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ಹತ್ತಿದವರಿಗೆ ಅಂಬಿಗ ಮೊದಲು ಹೇಳುವುದು ಒಂದೇ ಮಾತು: ‘ಕುಂದ್ರ್ರಿ, ಏಳಬ್ಯಾಡ್ರಿ.’ ಆಮೇಲೆ ಒಬ್ಬೊಬ್ಬರನ್ನೇ ನೋಡಿ ಜಾಗ ತೋರಿಸುತ್ತಾನೆ. ದಪ್ಪಗಿನವರು ಆ ಕಡೆ, ಮಕ್ಕಳು ನಡುವೆ, ಜೋಳದ ಚೀಲ ತಳಕ್ಕೆ. ಹೊಸಬರಿಗೆ ಇದು ಗದರಿಕೆಯಂತೆ ಕೇಳಿಸುತ್ತದೆ. ಅಸಲಿಗೆ ಆತ ದೋಣಿಗೆ ನಿಲುಭಾರ ತುಂಬುತ್ತಿರುತ್ತಾನೆ. ದೊಡ್ಡ ಹಡಗುಗಳ ತಳಕ್ಕೆ ಹಿಂದೆ ಕಲ್ಲು, ಮರಳು ಹೇರುತ್ತಿದ್ದರು. ಈಗ ತೊಟ್ಟಿಗಳಲ್ಲಿ ಸಮುದ್ರದ ನೀರನ್ನೇ ತುಂಬುತ್ತಾರೆ. ನಾವಿಕರ ಬಾಯಲ್ಲಿ ಅದು ಬ್ಯಾಲಸ್ಟ್. ಹರಿಗೋಲಿಗೆ ಕಲ್ಲೂ ಇಲ್ಲ, ತೊಟ್ಟಿಯೂ ಇಲ್ಲ. ಅದನ್ನು ನಿಲ್ಲಿಸುವ ಭಾರ ಅದರಲ್ಲಿ ಕೂತ ಜನರದ್ದೇ.

ಈ ದಂಡೆಯ ಹಂಪಸಾಗರ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ, ತುಂಗಭದ್ರಾ ಹಿನ್ನೀರಿನ ಅಂಚಿನ ಊರು. ಈ ನೀರಿನ ಮೇಲೆ ನಡೆದ ಕಸುಬುಗಳಲ್ಲಿ ಹರಿಗೋಲಿನದು ಬಲು ಹಳೆಯದು. ಬಿದಿರು ಸೀಳಿ, ಬುಟ್ಟಿಯಂತೆ ಹೆಣೆದು, ಹೊರಗೆ ತೊಗಲು ಹೊದಿಸಿದರೆ ಹರಿಗೋಲು. ತೊಗಲಿನ ಜಾಗಕ್ಕೆ ಆಮೇಲೆ ಡಾಂಬರು ಬಳಿದ ಗೋಣಿತಟ್ಟು ಬಂತು, ಪ್ಲಾಸ್ಟಿಕ್ ಹಾಳೆ ಬಂತು, ಅಲ್ಲಲ್ಲಿ ಫೈಬರ್ ಬುಟ್ಟಿಯೂ ಬಂತು. ಆಕಾರ ಮಾತ್ರ ಬದಲಾಗಲಿಲ್ಲ. ಇದಕ್ಕೆ ಮುಂದು ಹಿಂದು ಎಂಬುದಿಲ್ಲ, ನೀರು ಸೀಳುವ ಮೂತಿಯಿಲ್ಲ, ಚುಕ್ಕಾಣಿಯಿಲ್ಲ.

ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಹತ್ತು ಅಡಿ ಅಗಲದ ಬುಟ್ಟಿಯ ಹರವು ಸುಮಾರು 7 ಚದರ ಮೀಟರು. ಅದು ನೀರಿನಲ್ಲಿ ಒಂದು ಸೆಂಟಿಮೀಟರು ಇಳಿಯಬೇಕಾದರೆ 70 ಲೀಟರು ನೀರನ್ನು ಪಕ್ಕಕ್ಕೆ ತಳ್ಳಬೇಕು. ಎಪ್ಪತ್ತು ಲೀಟರು ನೀರೆಂದರೆ 70 ಕಿಲೊ, ಗಟ್ಟಿಮುಟ್ಟಾದ ಒಬ್ಬ ಆಳಿನ ತೂಕ. ಒಬ್ಬ ಹತ್ತಿದರೆ ಒಂದು ಸೆಂಟಿಮೀಟರು, ಇಪ್ಪತ್ತು ಜನ ಹತ್ತಿದರೆ ಹತ್ತಿರ ಹತ್ತಿರ ಒಂದು ಗೇಣು. ಆರ್ಕಿಮಿಡೀಸನ ಹೆಸರು ಕೇಳದ ಅಂಬಿಗನೂ ಬುಟ್ಟಿಯ ಅಂಚಿಗೂ ನೀರಿಗೂ ನಡುವೆ ಎಷ್ಟು ಬೆರಳು ಉಳಿದಿದೆ ಎಂದು ನೋಡಿ ‘ಸಾಕು’ ಎನ್ನುತ್ತಾನೆ. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ವರ್ಷಗಟ್ಟಲೆ ಹೋರಾಡಿದ ಮೇಲೆ, 1876ರ ಕಾನೂನು ಹಡಗಿನ ಮೈಮೇಲೆ ಭಾರದ ಗೆರೆ ಬರೆಯುವುದನ್ನು ಕಡ್ಡಾಯ ಮಾಡಿತು. ಹರಿಗೋಲಿನಲ್ಲಿ ಆ ಗೆರೆ ಅಂಬಿಗನ ಕಣ್ಣಿನಲ್ಲಿದೆ.

ಆದರೆ ಭಾರ ಕಡಿಮೆಯಾದರೂ ಕಷ್ಟ. ಬರಿದಾದ ಹರಿಗೋಲು ನೀರಿನ ಮೇಲೆ ಎಲೆಯ ಹಾಗೆ ಕೂತಿರುತ್ತದೆ. ಒಂದು ಹುಟ್ಟು ಹಾಕಿದರೆ ಗಿರ್ರನೆ ತಿರುಗುತ್ತದೆ, ಗಾಳಿ ಬೀಸಿದತ್ತ ಓಡುತ್ತದೆ. ತಳದಲ್ಲಿ ಭಾರ ಬಿದ್ದಾಗ ಅದು ನೀರನ್ನು ಕಚ್ಚಿ ಹಿಡಿಯುತ್ತದೆ, ಹುಟ್ಟಿನ ಮಾತು ಕೇಳತೊಡಗುತ್ತದೆ. ಅದೇ ಭಾರ ಎದ್ದು ನಿಂತರೆ ಎಲ್ಲ ತಿರುಗುಮುರುಗು. ಕೂತವನ ತೂಕ ತಳಕ್ಕೆ ಹತ್ತಿರ ಇರುತ್ತದೆ. ನಿಂತವನ ತೂಕ ಅಂಚಿನಿಂದಲೂ ಮೇಲಕ್ಕೆ ಹೋಗುತ್ತದೆ. ನಾಲ್ಕು ಜನ ಒಮ್ಮೆಲೇ ಎದ್ದು ಒಂದೇ ಕಡೆ ವಾಲಿದರೆ ಬುಟ್ಟಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ. ಹೊಳೆದಂಡೆಯ ಊರುಗಳಲ್ಲಿ ನೆನೆದು ನಿಟ್ಟುಸಿರು ಬಿಡುವ ಎಷ್ಟೋ ದುರಂತಗಳ ಹಿಂದೆ ಈ ಒಂದು ಕ್ಷಣದ ಗಾಬರಿಯಿದೆ.

ಈ ಬುಟ್ಟಿಯನ್ನು ಹೊರಗಿನವರು ಕಂಡು ಬೆರಗಾಗಿ ಬರೆದಿಟ್ಟದ್ದು ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರಯಾಣಿಕ ಡೊಮಿಂಗೊ ಪೇಸ್ ಆನೆಗೊಂದಿಯ ಬಳಿ ಜನ ಹೊಳೆ ದಾಟುವುದನ್ನು ನೋಡಿದ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ. ಬೇಕಾದರೆ ಕುದುರೆ, ಎತ್ತುಗಳನ್ನೂ ಹೇರಬಹುದು, ಆದರೆ ದನಗಳು ಹೆಚ್ಚಾಗಿ ಈಜಿಯೇ ದಾಟುತ್ತವೆ ಎನ್ನುತ್ತಾನೆ. ದೋಣಿ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂಬುದನ್ನೂ ಗಮನಿಸಿದ್ದಾನೆ. ಕಡಲು ದಾಟಿ ಬಂದವನ ಕಣ್ಣಿಗೆ ಅದು ವಿಚಿತ್ರವೇ ಸರಿ. ಅವನ ಇಪ್ಪತ್ತು ಜನರ ಲೆಕ್ಕ ಮೇಲಿನ ಒಂದು ಗೇಣಿನ ಲೆಕ್ಕಕ್ಕೆ ಚೆನ್ನಾಗಿಯೇ ಕೂಡುತ್ತದೆ.

ಅದೇ ಶತಮಾನದಲ್ಲಿ ಹಂಪೆಯ ಹೊಳೆದಂಡೆಯ ಮೇಲೆ ಹಾಡಿಕೊಂಡಿದ್ದ ಪುರಂದರದಾಸರು ದೇಹವನ್ನು ಒಂಬತ್ತು ತೂತಿನ ಹರಿಗೋಲಿಗೆ ಹೋಲಿಸಿ ಅಂಬಿಗನನ್ನು ಕರೆದರು. ಅವರಿಗಿಂತ ನಾಲ್ಕು ಶತಮಾನ ಮೊದಲೇ, ಇದೇ ತುಂಗಭದ್ರೆಯ ಮೇಲ್ದಂಡೆಯ ಚೌಡದಾನಪುರದಲ್ಲಿ, ಹುಟ್ಟು ಹಾಕುವುದನ್ನೇ ಕಾಯಕ ಮಾಡಿಕೊಂಡ ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡ. ಜನರನ್ನು ದಡ ಸೇರಿಸುವ ಕೆಲಸಕ್ಕೆ ಈ ಹೊಳೆಯ ಮಂದಿ ಕೊಟ್ಟ ಗೌರವ ಅದರಲ್ಲಿ ಕಾಣುತ್ತದೆ.

ದಂಡಾಳುಗಳಿಗೂ ಇದೇ ಬುಟ್ಟಿ ಬೇಕಾಯಿತು. 1398ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹ ವಿಜಯನಗರದ ಮೇಲೆ ಬಂದಾಗ ಕೃಷ್ಣೆ ತುಂಬಿ ಹರಿಯುತ್ತಿತ್ತು. ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಅವನ ಸಾವಿರಾರು ಸೈನಿಕರು ರಾತ್ರಿ ಹೊಳೆ ದಾಟಿದರೆಂದು ಚರಿತ್ರೆಕಾರ ಫೆರಿಶ್ತಾ ಬರೆಯುತ್ತಾನೆ. ನಾನೂರು ವರ್ಷಗಳ ನಂತರ, 1800ರ ಜೂನಿನಲ್ಲಿ, ಬಂಡುಕೋರ ಧೋಂಡಿಯಾ ವಾಘನ ಬೆನ್ನು ಹತ್ತಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಹರಿಹರದಲ್ಲಿ ತುಂಬಿದ ತುಂಗಭದ್ರೆಯೆದುರು ನಿಂತ. ದಂಡು, ತೋಪು, ಸಾಮಾನು ಎಲ್ಲ ಬುಟ್ಟಿದೋಣಿಗಳಲ್ಲಿ ಆಚೆ ದಡ ಸೇರುವಷ್ಟರಲ್ಲಿ ದಿನಗಳೇ ಕಳೆದವು. ಆ ಪಾಠವನ್ನು ಆತ ಮರೆಯಲಿಲ್ಲ. 1803ರ ಮಾರ್ಚಿನಲ್ಲಿ ಹೊಳೆ ಇಳಿದಿದ್ದಾಗಲೇ ಹಾವನೂರಿನ ಬಳಿ ದಾಟಿಕೊಂಡ. ಮುಂದಿನ ಮಳೆಗಾಲಕ್ಕೆಂದು ಬುಟ್ಟಿದೋಣಿಗಳನ್ನು ಮೊದಲೇ ಹೆಣೆಸಿಡುವ ವ್ಯವಸ್ಥೆ ಮಾಡಿದ. ಮುಂದೆ ವಾಟರ್ಲೂ ಗೆದ್ದ ಇವನ ಯುದ್ಧವಿದ್ಯೆಯಲ್ಲಿ ನಮ್ಮ ಹೊಳೆಯ ಮೇದಾರರ, ಅಂಬಿಗರ ಪಾಲೂ ಇದೆ. ಅದನ್ನು ಎತ್ತಿ ಹೇಳಿದವರು ಕಡಿಮೆ.

ವೆಲ್ಲೆಸ್ಲಿ ಹರಿಹರದಲ್ಲಿ ದಾಟಿದ ಆ 1800ರಲ್ಲೇ ಬಳ್ಳಾರಿ ಸೀಮೆ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಅಲ್ಲಿಂದ ಒಂದೂವರೆ ಶತಮಾನ ಹಂಪಸಾಗರದ ದಂಡೆ ಮದ್ರಾಸಿಗೆ ಸೇರಿತ್ತು. ಹೊಳೆಯಾಚೆಯ ಕೊಪ್ಪಳ ಸೀಮೆ ಹೈದರಾಬಾದಿನದಾಗಿತ್ತು. ಸಂಬಂಧ, ಸಂತೆ, ಜಾತ್ರೆ ಮಾತ್ರ ಎರಡೂ ದಡಕ್ಕೆ ಒಂದೇ. ಅಂಬಿಗ ಒಂದು ಆಳ್ವಿಕೆಯ ದಡದಿಂದ ಇನ್ನೊಂದು ಆಳ್ವಿಕೆಯ ದಡಕ್ಕೆ ಬೀಗರನ್ನೂ ಬಳೆಗಾರರನ್ನೂ ಸಾಗಿಸುತ್ತಿದ್ದ.

ಆಮೇಲೆ ಹೊಳೆಯೇ ಬದಲಾಯಿತು. 1945ರ ಫೆಬ್ರುವರಿ 28ರಂದು ಮಲ್ಲಾಪುರದ ಬಳಿ ಎರಡೂ ದಡಗಳಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಎಡಕ್ಕೆ ಹೈದರಾಬಾದಿನ ಪರವಾಗಿ ಬೇರಾರಿನ ರಾಜಕುಮಾರ, ಬಲಕ್ಕೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. 1953ರಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಸುಮಾರು 90 ಹಳ್ಳಿಗಳು ಮುಳುಗಿದವು, 50 ಸಾವಿರಕ್ಕೂ ಮಿಕ್ಕ ಜನ ಮನೆಮಾರು ಬಿಟ್ಟರು. ನಾರಾಯಣದೇವರಕೆರೆ ನೀರಿನಡಿ ಹೋಯಿತು, ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ಬದುಕು ಕಟ್ಟಿಕೊಂಡರು. ಆ ಕಟ್ಟೆ ನಿಂತಿರುವುದೂ ಭಾರದಿಂದಲೇ. ಕಲ್ಲು, ಸುರ್ಕಿ ಗಾರೆಗಳ ಗೋಡೆ ಬರೀ ತನ್ನ ತೂಕದಿಂದ ನೀರಿನ ಒತ್ತಡಕ್ಕೆ ಎದೆ ಕೊಟ್ಟಿದೆ. ಅದರ 33 ಗೇಟುಗಳು ಮೇಲೇಳುವುದಕ್ಕೂ ಸರಪಳಿಯ ಇನ್ನೊಂದು ತುದಿಯ ಸಮತೂಕವೇ ಆಸರೆಯಾಗಿತ್ತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾದಾಗ ಗೇಟೇ ಕೊಚ್ಚಿಹೋಯಿತು. ಒಂದು ವಾರ ಹಗಲಿರುಳು ದುಡಿದು ತಾತ್ಕಾಲಿಕ ಗೇಟು ಇಳಿಸುವವರೆಗೆ ರೈತರು ಹೊಳೆಗೆ ಹರಿದುಹೋಗುವ ನೀರನ್ನು ಎದೆ ಬಡಿದುಕೊಂಡು ನೋಡಿದರು.

ಹರಿಯುವ ಹೊಳೆಯಲ್ಲಿ ಕಲಿತ ಅಂಬಿಗನಿಗೆ ನಿಂತ ನೀರು ಬೇರೆಯೇ ಪಾಠ ಹೇಳಿತು. ಹೊಳೆಯಲ್ಲಿ ಸೆಳವಿನ ಭಯ. ಹಿನ್ನೀರಿನಲ್ಲಿ ಗಾಳಿಯ ಭಯ. ಮೈಲುಗಟ್ಟಲೆ ಬಯಲಾದ ನೀರಿನ ಮೇಲೆ ಆಷಾಢದ ಗಾಳಿ ಎಬ್ಬಿಸುವ ತೆರೆ ತಗ್ಗು ಅಂಚಿನ ಬುಟ್ಟಿಯೊಳಗೆ ಸಲೀಸಾಗಿ ನುಗ್ಗುತ್ತದೆ. ಹಿಂದೆ ಇಪ್ಪತ್ತು ಜನರನ್ನು ಹೊತ್ತ ಕಸುಬು ಈಗ ಬಹುಪಾಲು ಮೀನು ಹಿಡಿಯುವ ಒಬ್ಬಿಬ್ಬರ ಚಿಕ್ಕ ಬುಟ್ಟಿಯಲ್ಲಿ ಉಳಿದಿದೆ. ಕೆಳಗೆ ಆನೆಗೊಂದಿಯಲ್ಲಿ 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಕೂಲಿಕಾರರು ಸತ್ತ ಮೇಲೆ ಮತ್ತೆ ಎಷ್ಟೋ ವರ್ಷ ಜನ, ಬೈಕು, ಹುಲ್ಲಿನ ಹೊರೆ ಎಲ್ಲವೂ ದೋಣಿ, ಹರಿಗೋಲುಗಳನ್ನೇ ನೆಚ್ಚಬೇಕಾಯಿತು.

ದೂರದ ಅಮೆರಿಕದ ಸರೋವರಗಳಲ್ಲಿ ಇಂದು ಭಾರವನ್ನು ಬೇರೊಂದು ಆಸೆಗಾಗಿ ತುಂಬುತ್ತಾರೆ. ವೇಕ್‌ಬೋರ್ಡ್ ಆಟದ ಮೋಟಾರು ದೋಣಿಯ ಒಡಲಲ್ಲಿ ದಪ್ಪ ಚೀಲಗಳಿರುತ್ತವೆ. ಪಂಪು ತಿರುಗಿಸಿದರೆ ಸರೋವರದ ನೀರೇ ಒಳಗೆ ಬಂದು ನೂರಾರು ಕಿಲೊ ತೂಕ ಕೂಡುತ್ತದೆ. ದೋಣಿ ಆಳಕ್ಕೆ ಕೂತಷ್ಟೂ ಹಿಂದೆ ಏಳುವ ಅಲೆ ದೊಡ್ಡದು, ಹಲಗೆಯ ಮೇಲಿನ ಆಟಗಾರ ಜಿಗಿಯುವುದು ಆ ಅಲೆಯ ಮೇಲಿಂದ. ಚೀಲ ಎಡಕ್ಕೆಷ್ಟು, ಬಲಕ್ಕೆಷ್ಟು, ಹಿಂದಕ್ಕೆಷ್ಟು ಎಂದು ಅಲ್ಲಿಯವರು ಕೂಡಿ ಕಳೆದು ನೋಡುವುದು ಅಂಬಿಗ ಬೀಗರನ್ನು ಕೂರಿಸುವ ಹಾಗೆಯೇ ಇದೆ. ಬಳಸಿದ ನೀರನ್ನು ಇನ್ನೊಂದು ಕೆರೆಗೆ ಒಯ್ಯದೆ ಅಲ್ಲೇ ಚೆಲ್ಲಬೇಕೆಂದು ಅಲ್ಲಿ ಎಚ್ಚರಿಸುತ್ತಾರೆ. ಹಡಗುಗಳ ಬ್ಯಾಲಸ್ಟ್ ನೀರಿನಲ್ಲಿ ಸಾಗರ ದಾಟಿ ಬಂದ ಜೀಬ್ರಾ ಚಿಪ್ಪುಜೀವಿ 1980ರ ದಶಕದಲ್ಲಿ ಅಲ್ಲಿನ ಮಹಾಸರೋವರಗಳನ್ನು ಆಕ್ರಮಿಸಿದ ನೋವು ಇನ್ನೂ ಆರಿಲ್ಲ.

ತುಂಗಭದ್ರೆಯ ಜಲಾಶಯವೂ ಒಂದು ಭಾರವನ್ನು ಸದ್ದಿಲ್ಲದೆ ತುಂಬಿಕೊಳ್ಳುತ್ತ ಬಂದಿದೆ. ಮೊದಲು 132 ಟಿಎಂಸಿಗೂ ಮಿಕ್ಕು ಹಿಡಿಯುತ್ತಿದ್ದದ್ದು ಈಗ ಹೂಳಿನಿಂದಾಗಿ 105.788 ಟಿಎಂಸಿಗೆ ಇಳಿದಿದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಆ ಹೂಳೇ ನೆಲವಾಗಿ ಬಿರುಕು ಬಿಡುತ್ತದೆ. ಆಗ ದಂಡೆಯಿಂದ ನೀರಿನವರೆಗೆ ದೂರ ಹೆಚ್ಚು. ಮೀನುಗಾರ ಬಲೆಯನ್ನು ಬುಟ್ಟಿಯಿಂದ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾನೆ, ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತು ಕೆಸರಿನ ಮೇಲೆ ಊರ ಕಡೆ ಹೆಜ್ಜೆ ಹಾಕುತ್ತಾನೆ. ದೂರದಿಂದ ನೋಡಿದರೆ ದೊಡ್ಡ ಕರಿ ಕೊಡೆಯೊಂದು ನಡೆದು ಬಂದಂತೆ ಕಾಣುತ್ತದೆ.